ಹುಳ

ಶಿಡ್ಲಘಟ್ಟ. ಜೆರಾಕ್ಸ್ ಅಂಗಡಿ ಮೇಲಿನ ಕೋಣೆ,
ಒಂಬತ್ತು ಜನ, ಒಂದೇ ಎಕ್ಸ್‌ಟೆನ್ಷನ್ ಬಾಕ್ಸು,
ನಲವತ್ತೆಂಟು ಗಂಟೆಯ ಗೇಮ್ ಜ್ಯಾಮು.
ಕೊಟ್ಟ ವಿಷಯ: ಎಳೆ.

ಮುಬೀನಾಳ ಆಟ ಸರಳ.
ಬಿಸಿನೀರಲ್ಲಿ ಗೂಡು, ತುದಿ ಹುಡುಕು, ಸುತ್ತು,
ಹರಿದರೆ ಸೋತೆ.
ನೂಲು ಮುಗಿದಾಗ ಹುಳ ಸತ್ತಿರಬೇಕು,
ಸಾಯುತ್ತಿಲ್ಲ.
ರಾತ್ರಿ ಎರಡಕ್ಕೆ ಕರೆಂಟು ಹೋಗಿ ಬಂದರೂ
ಬೆತ್ತಲೆ ಹುಳ ಪರದೆ ತುಂಬ ತೆವಳುತ್ತಿದೆ.
ಕೋಡೆಲ್ಲ ತಡಕಿದೆ; ತಲೆಯೊಳಗೂ ಹುಳ.

ಭಾನುವಾರ ಸಂಜೆ ಮೊದಲು ಆಡಿದ್ದು ಅವಳ ಅಮ್ಮಿ.
ಇಪ್ಪತ್ತು ವರ್ಷ ಬೇಸಿನ್ನಿನ ಬಿಸಿಗೆ
ಬಿಳುಚಿ ಸುಕ್ಕಾದ ಬೆರಳು
ಕೀಲಿಮಣೆಯ ಮೇಲೆ ಮಾತ್ರ ತಡವರಿಸಿದವು.
ನೂಲು ಮುಗಿಯಿತು. ಹುಳ ಹೊರಟಿತು.
“ಏಯ್, ಜೀವ ಐತಲ್ಲೇ ಇದಕ್ಕೆ!”

ಒಪ್ಪಿಸಲು ಹತ್ತು ನಿಮಿಷ ಉಳಿದಿತ್ತು.
ದೋಷ ತಿದ್ದಿದ ಫೈಲು ನನ್ನ ಪೆನ್‌ಡ್ರೈವಲ್ಲಿತ್ತು.
ಯಾರೂ ಕೇಳಲಿಲ್ಲ.