ಫರಸಿ ಆರೋ ಹೊತ್ತು

"ಹಂಗ ಅನ್ಕೊಂಡಿಲ್ಲ ನಾ," ಅಂದ ರೇವಣಸಿದ್ಧ.
ಅಷ್ಟ. ಚಾದ ಕಪ್ಪು ಕೆಳಗಿಟ್ಟ,
ಕಪ್ಪಿನ ಕಿವಿ ನನ್ನ ಕಡಿ ಇತ್ತು.
ವಾಡಿ ಕಡಿ ಹೋಗೋ ಗೂಡ್ಸ್ ಗಾಡಿ ಬಂತು,
ಐವತ್ತೆಂಟು ಡಬ್ಬಿ.
ಎಣಿಸಿದೆ. ಎಣಿಸೋತನಕ
ಮಾರಿ ಹೆಂಗ ಇಟ್ಕೋಬೇಕು ಅನ್ನೋ ವಿಚಾರ ತಪ್ಪಿತು.

ಮೂವತ್ನಾಲ್ಕು ವರ್ಷದಾಕಿ,
ಶಹಾಬಾದದ ಪಾಲಿಶ್ ಫ್ಯಾಕ್ಟರಿಯ ಲೆಕ್ಕ ಬರಿಯಾಕಿ ನಾ.
ದಿನಾ ನನ್ನ ಟೇಬಲ್ಲಿನ ಮುಂದ ಕಲ್ಲು ಹಾಯ್ತಾವ:
ಒಂದನೇ ನಂಬರು, ಎರಡನೇ ನಂಬರು,
ಮೂಲಿ ಒಡದದ್ದು, ಎಳಿ ಬಿದ್ದದ್ದು.
ಒಡದದ್ದಕ್ಕ ಕೆಂಪು ಖಡುವಿನ ಗುರುತು.
ಅವತ್ತು ಮಧ್ಯಾಹ್ನ ಅದ ಖಡು ಹಿಡಕೊಂಡು
ನಂದು ಯಾವ ಮೂಲಿ ಒಡದದ ಅಂತ ಹುಡುಕಿದೆ.
ಬಣ್ಣೇನು? ವಯಸ್ಸೇನು? ಮುಂದಿನ ಹಲ್ಲೇನು?
ಹೆಣ್ಮಗಳಾಗಿ ನಾನ ಬಾಯಿಬಿಟ್ಟು ಕೇಳಿದ್ದೇನು?
ಬರದೂ ಬರದೂ
ಹಳೇ ಪಾವತಿಯ ಹಿಂದ ಜಾಗ ಉಳೀಲಿಲ್ಲ.

ಅಂವ ಅಂದದ್ದು ಮೂರ ಮೂರು ಶಬ್ದ.
ಜ್ವಾಳ ಮುಗದರೂ ತಿರುಗೋ ಗಿರಣಿ ಹಂಗ
ತಲಿಯೊಳಗ ಅವು ತಿರುಗತಾನ ಇದ್ದವು,
ಹಿಟ್ಟಿಲ್ಲ, ಬರೇ ಸಪ್ಪಳ.

ಉಣ್ಣಾಕ ಕುಂತರ ರೊಟ್ಟಿ ಗಂಟಲದಾಗ ನಿಂತಿತು.
"ಯಾಕ, ಹಿಂಡಿ ಖಾರ ಆಗ್ಯಾದೇನು?" ಅಂದಳು ಅವ್ವ.
"ಹ್ಞೂಂ," ಅಂದೆ.
ಕಣ್ಣಿಗೊಂದು ನೆವ ಸಿಕ್ಕಿತು.

ರಾತ್ರಿ ಮಾಳಿಗಿ ಮ್ಯಾಲ ಹಾಸಿಗಿ ಒಯ್ದೆ.
ಮೇ ತಿಂಗಳ ಫರಸಿ,
ಹೊತ್ತು ಮುಳುಗಿ ಎರಡು ತಾಸಾದರೂ
ಅಂಗಾಲು ಚುರ್ ಅಂದಿತು.
ಕೊಡ ತಂದು ನೀರು ಸುರುವಿದೆ.
ಸೆಕಿ ಎದ್ದು ಮಾರಿಗಿ ಬಡೀತು.

ಆ ಕಡಿ ಮಾಳಿಗಿಯಿಂದ ಹಲೀಮಾಬಿ ಚಾಚಿ:
"ನೀರ ಹಾಕಬ್ಯಾಡವಾ, ಇನ್ನಾ ಕುದೀತದ.
ಬಿಸಲು ಹೋಗಿದ್ದು ಆರಕ್ಕ,
ಕಲ್ಲಿಗಿ ಅದು ಗೊತ್ತಾಗೋದು ಹನ್ನೆರಡಕ್ಕ.
ಕುಂಡ್ರು ಜರಾ."
ಆಕಿ ಹೇಳಿದ್ದು ಬರೇ ಕಲ್ಲಿನ ಮಾತು.
ನನ್ನ ವಿಷಯ ಆಕಿಗಿ ಇಂದಿಗೂ ಗೊತ್ತಿಲ್ಲ.

ಕುಂತೆ.
ಕುಂತಾಗ, ಯಾಕೋ, ಅಂಬಾರಾಯ ನೆನಪಾದ.
ಕಲಬುರಗಿಗಿ ಕಾಲೇಜಿಗಿ ಹೋಗೋ ಮುಂಜಾನಿ ಪ್ಯಾಸೆಂಜರಿನಾಗ
ನಾಲ್ಕು ಮಡಿಕಿಯ ಕಾಗದ ಕೈಯಾಗಿಟ್ಟಿದ್ದ.
ಓದಿದೆ, ಅವ ಗೆರಿ ಮ್ಯಾಲ ತಿರುಗಿ ಮಡಚಿದೆ,
"ಬ್ಯಾಡ" ಅಂದೆ.
ಅವನಾಗ ಕೊರತಿ ಏನಿರಲಿಲ್ಲ.
ಅಕ್ಷರ ಮುತ್ತು. ನಕ್ಕರ ಡಬ್ಬಿ ಮಂದಿ ತಿರುಗಿ ನೋಡತಿದ್ದರು.
ನನ್ನೊಳಗ ಒಂದು ಬಾಗಲಾ ತೆರೀಲಿಲ್ಲ, ಅಷ್ಟ.
ಅವನಿಗಿ ಗುರುತು ಹಚ್ಚಾಕ
ನನ್ನ ಕೈಯಾಗ ಯಾವ ಖಡೂನೂ ಇರಲಿಲ್ಲ.

ಅಂವ ಮರತೂರಿನಾಗ ಇಳದು ಹೋದ.
ಕಾಲೇಜು ಇನ್ನಾ ಮುಂದಿತ್ತು.
ಅದು ನನಗ ಹೊಳದದ್ದು ಈಗ,
ಹದಿನಾಲ್ಕು ವರ್ಷಕ್ಕ, ಕಾದ ಫರಸಿ ಮ್ಯಾಲ.

ರೇವಣಸಿದ್ಧನ ಒಳಗೂ ಹಂಗ ಇರಬಹುದು.
ಇರಲಿಕ್ಕೂ ಇಲ್ಲ.
ಅವನ ಬಾಗಲದ ಸುದ್ದಿ ನನಗೇನು ಗೊತ್ತು.
ತಿಳಕೊಂಡ ಮಾತ್ರಕ್ಕ ನೋವು ಎದ್ದು ಹೋಗಲಿಲ್ಲ,
ಜರಾ ಸರದು ಕುಂತಿತು,
ನನಗೂ ಜಾಗ ಬಿಟ್ಟು.

ಹನ್ನೆರಡಕ್ಕ ಅಂಗೈ ಊರಿ ನೋಡಿದೆ: ಬೆಚ್ಚಗದ.
ಒಂದಕ್ಕ ನೋಡಿದೆ: ಬೆಚ್ಚಗದ.
ಚಾಚಿಯ ಲೆಕ್ಕ ತಪ್ಪಿತ್ತು.
ಮುಂದ ನೋಡಲಿಲ್ಲ, ನಿದ್ದಿ ಬಂದಿತ್ತು.

ಮುಂಜಾನಿ ಲಾರಿ ಪಾಸು ಬರಸಾಕ
ಅಂವನ ಬಂದ, ನೆಲ ನೋಡಕೋತ.
"ಗಾಡಿ ನಂಬರು?" ಅಂದೆ.
ಹೇಳಿದ. ಬರದೆ.
ಕೈ ನಡುಗಿತು, ಅಂಕಿ ಎಲ್ಲಾ ಸೊಟ್ಟ ಬಿದ್ದವು.
ನಂಬರು ಬರೋಬ್ಬರಿ ಇತ್ತು.