ಕೊಳ್ಳುವ ಕಲ್ಲು, ಮಾರುವ ಕಲ್ಲು

ಬಳ್ಳಾರಿ ರಸ್ತೆಯ ಎಣ್ಣೆ ಮಿಲ್ಲುಗಳ ಹಿಂದೆ
ನಮ್ಮಪ್ಪ ರುದ್ರಾಚಾರಿಯ ತಗಡಿನ ಅಂಗಡಿ.
ತಕ್ಕಡಿ ರಿಪೇರಿ, ತೂಕದ ಕಲ್ಲಿಗೆ ಸೀಸ,
ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ.
ಲೈಸೆನ್ಸಿಗೆ ಕಟ್ಟು ಹಾಕಿಸಿ
ವಿಶ್ವಕರ್ಮನ ಪಟದ ಪಕ್ಕಕ್ಕೇ ತೂಗುಹಾಕಿದ್ದ.

ಚಳ್ಳಕೆರೆಯ ಗಾಳಿಗೆ ಆಗೆಲ್ಲ ಶೇಂಗಾ ಹಿಂಡಿಯ ವಾಸನೆ.
ಸಂಜೆ ಹೊತ್ತು ಮಂಡಿಯಿಂದ ಗೋಣಿಚೀಲದಲ್ಲಿ
ಬರುತ್ತಿದ್ದವು ಕಲ್ಲು, ಎರಡು ಜತೆ.
ಒಂದು ಕೊಳ್ಳುವುದಕ್ಕೆ, ಒಂದು ಮಾರುವುದಕ್ಕೆ.
ಮಾರುವ ಕಲ್ಲಿನ ಹೊಟ್ಟೆಯಿಂದ ಸೀಸ ಕೆರೆದು
ಕೊಳ್ಳುವ ಕಲ್ಲಿನ ಹೊಟ್ಟೆಗೆ ಹುಯ್ಯುತ್ತಿದ್ದ ಅಪ್ಪ.
ಅಮ್ಮ ಒಮ್ಮೆ ಕೇಳಿದ್ದಕ್ಕೆ,
‘ಇಲ್ಲಿದ್ದದ್ದು ಅಲ್ಲಿಗೆ ಹೋಯ್ತು. ಒಟ್ಟು ಲೆಕ್ಕದಲ್ಲಿ
ಒಂದು ಗುಂಜಿ ಕಳೆದಿದ್ದರೆ ತೋರಿಸು’ ಅಂದ.

ಕೆಟ್ಟವನಲ್ಲ ಅವನು. ಇದನ್ನು ಎಲ್ಲಿ ಸೇರಿಸಬೇಕೋ ತಿಳಿಯದೆ
ಇಲ್ಲೇ ಬರೆದಿದ್ದೇನೆ.
ಪಕ್ಕದ ಮನೆಯ ಎಮ್ಮೆ ಸತ್ತರೆ ಉಣ್ಣದೆ ಮಲಗಿದವನು.

ಬೋರಕ್ಕ ಬರುತ್ತಿದ್ದಳು, ಕಿತ್ತ ಹೊಲಗಳಲ್ಲಿ
ಹಕ್ಕಲು ಕಾಯಿ ಆಯ್ದುಕೊಂಡು.
ಉಗುರಿನ ತುಂಬ ಕೆಮ್ಮಣ್ಣು.
ಊರಿನ ಸೊಸೈಟಿಯಲ್ಲಿ ತೂಗಿಸಿದಾಗ ಮೂರು ಕೇಜಿ,
ತಿಪ್ಪೇಶಪ್ಪನ ಮಂಡಿಯಲ್ಲಿ ಎರಡೂ ಮುಕ್ಕಾಲು.
ತಕ್ಕಡಿಯನ್ನು ಬೈಯಲಿಲ್ಲ ಅವಳು.
‘ದಾರೀಲಿ ಚೆಲ್ಲಿರಬೇಕು ಕಣಪ್ಪ’ ಅಂತ
ಬಂದ ದಾರಿಗೇ ತಿರುಗಿ ಹೊರಟಳು, ನೆಲ ನೋಡುತ್ತ.
ನಮ್ಮ ಅಂಗಡಿ ಮುಂದೆಯೇ ಹಾದಳು.
ನೀರು ಕೇಳಿದಳು. ಕೊಟ್ಟೆ.

ಉಳಿದ ಚೂರುಪಾರು ಸೀಸ ಮನೆಯ ಒಲೆಯಲ್ಲೇ ಕರಗುತ್ತಿತ್ತು,
ರೊಟ್ಟಿ ಬೆಂದಾದ ಮೇಲೆ, ಕೆಂಡ ಹಾಳಾಗಬಾರದೆಂದು.
ಕರಗಿದ ಸೀಸದ ಚೆಲುವು ನೋಡಿದವರಿಗೇ ಗೊತ್ತು:
ಕನ್ನಡಿಯೊಂದು ನೀರಾಗಿ ನಡುಗಿದ ಹಾಗೆ.
ತಣ್ಣೀರಿಗೆ ಹನಿಸಿದರೆ ಚುಂಯ್ ಅಂದು
ಹಕ್ಕಿಯೋ, ಬೇರೋ, ಯಾರದೋ ಮೂಗೋ ಆಗುತ್ತಿತ್ತು.
ತಮ್ಮ ಅತ್ತರೆ ನಾನೇ ಒಂದು ಹಕ್ಕಿ ಕೈಗೆ ಕೊಡುತ್ತಿದ್ದೆ.
ಬಾಯಿಗಿಟ್ಟುಕೊಂಡು ಸುಮ್ಮನಾಗುತ್ತಿದ್ದ.
ಅದರ ಮೇಲಿನ ಬಿಳಿ ಪುಡಿ ಸಿಹಿ. ನಾನೂ ನೆಕ್ಕಿದ್ದೇನೆ.

ಐದು ತುಂಬಿದರೂ ‘ಅಕ್ಕ’ ಅನ್ನಲಿಲ್ಲ.
ಮೌನೇಶ ಅಂತ ಯಾರೂ ಬೇಕೆಂದು ಇಟ್ಟದ್ದಲ್ಲ,
ಮನೆದೇವರ ಹೆಸರು.
ದಾವಣಗೆರೆಯ ಡಾಕ್ಟರು ರಕ್ತವನ್ನು ಎಲ್ಲಿಗೋ ಕಳಿಸಿ
ತಿಂಗಳ ಮೇಲೆ ಕರೆಸಿ ಕೇಳಿದರು,
ಮನೆಯಲ್ಲಿ ಸೀಸ ಇದೆಯಾ?
ಇಲ್ಲ ಅಂದ ಅಪ್ಪ.
ವಾಪಸು ಬರುವ ಬಸ್ಸಿನಲ್ಲಿ, ಚಿತ್ರದುರ್ಗ ದಾಟುವವರೆಗೂ,
ಎರಡು ಅಂಗೈ ಚಾಚಿ ಮೇಲೆ ಕೆಳಗೆ ಮಾಡುತ್ತಲೇ ಇದ್ದ,
ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುವವನ ಹಾಗೆ.

ಕೇರಿಯವರು ಅಂದರು: ಮಾಡಿದ್ದುಣ್ಣೋ ಮಹರಾಯ.
ಮಾಡಿದವನೇ ಉಂಡಿದ್ದರೆ ನಾನೂ ತಲೆಯಾಡಿಸುತ್ತಿದ್ದೆ.
ಮೌನೇಶ ಯಾರ ಕಾಯಿ ತೂಗಿದ್ದ?
ತಿಪ್ಪೇಶಪ್ಪ ಎಂಬತ್ತೊಂದಕ್ಕೆ ನಿದ್ದೆಯಲ್ಲೇ ಹೋದ,
ಹೂವಿನ ಟ್ರಾಕ್ಟರು, ಬ್ಯಾಂಡು, ಎಲ್ಲ ಚೆನ್ನಾಗಿತ್ತು.
ಬೋರಕ್ಕ ಏನಾದಳೋ.
ಗಾದೆಗೂ ಇರುತ್ತವೆ ಎರಡು ಜತೆ ಕಲ್ಲು.

ಇನ್ನೊಂದು ಉಳಿದಿದೆ, ಅದಕ್ಕೆ ಅಪ್ಪ ಕಾರಣನಲ್ಲ.
ಒಂಬತ್ತನೇ ಕ್ಲಾಸು. ನಾನು ಮರೆತ ಬುತ್ತಿ ಹಿಡಿದು
ಸ್ಕೂಲಿನ ಗೇಟಿಗೆ ಬಂದು ನಿಂತಿದ್ದ, ಜೊಲ್ಲು ಒರೆಸಿಕೊಂಡು.
ಯಾರೇ ಅದು? ಅಂದರು ಗೆಳತಿಯರು.
ಯಾವನೋ ಹುಚ್ಚ, ಅಂದೆ.
ಮಾತು ಬರದಿದ್ದರೇನು, ಅವನ ಕಿವಿ ಚುರುಕು.
ಬುತ್ತಿಯನ್ನು ಕಾಂಪೌಂಡಿನ ಮೇಲೆ ನಿಧಾನವಾಗಿ ಇಟ್ಟು,
ಬೀಳದಂತೆ ಸರಿಮಾಡಿ, ಹೋದ.

ಈಗ ಎಲ್ಲೆಲ್ಲೂ ಕೆಂಪು ಅಂಕಿಯ ತಕ್ಕಡಿ.
ಅಪ್ಪನ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ.
ಗಾಳಿಗೆ ಬಾಗಿಲು ಬಡಿಯದಿರಲೆಂದು
ಮನೆಯಲ್ಲೊಂದು ಕಲ್ಲು ಉಳಿದಿದೆ,
ಕೊಳ್ಳುವುದೋ ಮಾರುವುದೋ.
ಒಮ್ಮೊಮ್ಮೆ ಮೌನೇಶ ಅದನ್ನೆತ್ತಿ ನನ್ನ ಕೈಯಲ್ಲಿಟ್ಟು
ಎಷ್ಟು ಹೇಳು ಅನ್ನುವಂತೆ ಮುಖ ನೋಡುತ್ತಾನೆ.
ಮೇಲೆ ಬರೆದದ್ದನ್ನು ಓದುತ್ತೇನೆ:
ಒಂದು ಕೇಜಿ.