ಮುನ್ನೂರಿಪ್ಪತ್ತಕ್ಕೆ ಇನ್ನೂರನಲವತ್ತು

ಸೋಹಾರಿನ ಕ್ಯಾಂಪು, ಹದಿನಾಲ್ಕನೇ ಕೋಣೆ.
ಮೇಲಿನ ಮಂಚ ನನ್ನದು, ಲ್ಯಾಪ್‌ಟಾಪೂ ನನ್ನದೇ.
ಊರಿಗೆ ಹೊರಟ ಫಿಲಿಪಿನೋ ಗುಮಾಸ್ತನಿಂದ ಕೊಂಡದ್ದು,
ಬ್ಯಾಟರಿ ಸತ್ತಿದೆ, ಎಂಟರ ಕೀಲಿ ಉದುರಿದೆ,
ಬಿಸಿಯಾಗದಿರಲೆಂದು ಅಡಿಗೆ
ಕವುಚಿಟ್ಟ ಸ್ಟೀಲ್ ತಟ್ಟೆ.

ಗುರುವಾರ ಸಂಜೆ ಬರುತ್ತಾರೆ.
ಒಂದು ಕೈಯಲ್ಲಿ ಊರಿಂದ ಬಂದ ಡಿಸ್ಕು,
ಇನ್ನೊಂದರಲ್ಲಿ ಬೆಂಕಿಪೆಟ್ಟಿಗೆಯಷ್ಟಗಲ ಪರದೆಯ ಪ್ಲೇಯರು.
ಅದ್ರಾಮನ ತಮ್ಮ ಅಂಗಡಿ ತೆರೆದದ್ದು,
ತನಿಯಪ್ಪನ ಬೋರ್‌ವೆಲ್ಲಿನಲ್ಲಿ ನೀರು ಚಿಮ್ಮಿದ ಹನ್ನೆರಡು ನಿಮಿಷ.
ಕೂಲಿ ಇನ್ನೂರು ಬೈಸಾ,
ಇಲ್ಲದವರು ಒಂದು ಡಬ್ಬಿ ಟ್ಯೂನಾ.

ದೊಡ್ಡದನ್ನು ಚಿಕ್ಕದು ಮಾಡುವುದು ಸುಲಭವಲ್ಲ.
ಅಗಲದ ಚಿತ್ರ ಈ ಕಿಂಡಿಯಲ್ಲಿ ಕೂರುವುದಿಲ್ಲ:
ಹಿಂಡಿದರೆ ಮದುಮಗಳು ಪಡುವಲಕಾಯಿ,
ಕತ್ತರಿಸಿದರೆ ಅಂಚಿನಲ್ಲಿ ನಿಂತ ನೆಂಟರು ಹೋದರು,
ಹಾಗೇ ಬಿಟ್ಟರೆ ಮೇಲೆ ಕೆಳಗೆ ಕಪ್ಪು ಪಟ್ಟಿ,
ನಡುವೆ ಮನೆಮಂದಿಯೆಲ್ಲ ಇರುವೆ ಸಾಲು.
ಯಾವುದು ಬೇಕೆಂದು ಕೇಳುತ್ತೇನೆ.
ಹೆಚ್ಚಿನವರು ಕತ್ತರಿಸು ಎನ್ನುತ್ತಾರೆ, ಯೋಚಿಸದೆ.

ವೆಲ್ಡರ್ ಲಾದ್ರು ಯೋಚಿಸಿದ.
ಮಗಳು ಜೆಸಿಂತಳ ಮದುವೆ, ಮೂರು ಡಿಸ್ಕು.
ಶಟ್‌ಡೌನ್ ಕೆಲಸ, ರಜೆ ಸಿಗಲಿಲ್ಲ,
ಹೋದದ್ದು ಹಣ ಮಾತ್ರ.
ಪ್ಲೇಯರಿನಲ್ಲಿ ಹಿಡಿಯುವುದು ಐವತ್ತು ನಿಮಿಷ.
"ಪಾದ್ರಿಗಳ ಪ್ರಸಂಗ ತೆಗೆ," ಅಂದ, "ಬ್ಯಾಂಡು ತೆಗೆ,
ಕೇಕು ತೆಗೆ. ಉಂಗುರಕ್ಕೆ ಅರ್ಧ ನಿಮಿಷ ಸಾಕು.
ಊಟದ ಹಾಲ್ ಪೂರ್ತಿ ಇರಲಿ.
ಅಂಚು ಮುಟ್ಟಬೇಡ. ಒಬ್ಬರೂ ಹೋಗಬಾರದು."
ಕೇಟರಿಂಗಿನವನ ಬಿಲ್ಲಿನಲ್ಲಿ ಏಳುನೂರ ಇಪ್ಪತ್ತು ತಟ್ಟೆ.
ಲಾದ್ರುವಿಗೆ ಎಣಿಸಬೇಕಿತ್ತು.

ರಾತ್ರಿಯಿಡೀ ಹಸಿರು ಪಟ್ಟಿ ತೆವಳಿತು.
ನೂರಕ್ಕೆ ಎಪ್ಪತ್ತೊಂದು ಆದಾಗ
ಯಾರೋ ಇಸ್ತ್ರಿಪೆಟ್ಟಿಗೆ ಹಚ್ಚಿ ಫ್ಯೂಸು ಹಾರಿತು;
ಏಸಿ ನಿಂತ ಆಗಸ್ಟಿನಲ್ಲಿ ಹನ್ನೆರಡು ಮಂದಿ ಎದ್ದು ಕೂತು
ನಾಲ್ಕು ಭಾಷೆಗಳಲ್ಲಿ ಬೈದರು.
ಮತ್ತೆ ಸೊನ್ನೆಯಿಂದ.
ಮರುದಿನ ಮಧ್ಯಾಹ್ನದ ಬಾಂಗಿಗೆ ಮುಗಿಯಿತು, ಒಂದು ದೋಷ ಉಳಿಸಿಕೊಂಡು:
ತುಟಿ ಮೊದಲು, ಮಾತು ಆಮೇಲೆ.
ಸರಿಮಾಡುತ್ತೇನೆ ಅಂದೆ.
"ಬೇಡ ಮಾರಾಯ, ಫೋನಿನಲ್ಲೂ ಅವಳ ಮಾತು
ಯಾವಾಗಲೂ ಸ್ವಲ್ಪ ತಡವಾಗಿಯೇ ಬರುವುದು."

ಅಂದಿನಿಂದ ಬಸ್ಸಿನಲ್ಲಿ,
ಬಂದರಿನ ದಾರಿಯ ನಲವತ್ತು ನಿಮಿಷ,
ಅಂಗೈ ಗೂಡು ಮಾಡಿ ಬಿಸಿಲು ತಡೆದು
ಕಿಡಿ ಕುಡಿದು ಕೆಂಪಾದ ಕಣ್ಣು ಕಿರಿದಾಗಿಸಿ ಎಣಿಸುತ್ತಾನೆ.
ಒಮ್ಮೆ ಐನೂರ ಎಂಬತ್ತು. ಒಮ್ಮೆ ಆರುನೂರ ಮೂರು.
ರಸ್ತೆಯುಬ್ಬು ಬಂದರೆ ಲೆಕ್ಕ ಚೆಲ್ಲುತ್ತದೆ.
ಎರಡು ಸಲ ಬಡಿಸಿಕೊಂಡವರನ್ನು ಹೇಗೆ ಹಿಡಿಯುವುದು?
ಪಕ್ಕದ ಸೀಟಿನ ನಾನೇ ಸಾಕ್ಷಿ:
"ಹಳದಿ ಸೀರೆ ಆಗಲೇ ಬಂತಲ್ಲ."
"ಇಲ್ಲ, ಇವಳು ಬೇರೆ, ಇವಳಿಗೆ ಕನ್ನಡಕ."
ಅಕ್ಟೋಬರಿನ ಹೊತ್ತಿಗೆ ಬಿಲ್ಲಿನ ಮಾತು ಬಿಟ್ಟಿದ್ದ.
ಎಣಿಕೆ ಬಿಟ್ಟಿರಲಿಲ್ಲ.

ಮರುವರ್ಷ ರಜೆಯಲ್ಲಿ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡು.
ಮೀನಿನ ಚೀಲ ಹಿಡಿದು ನಿಂತವಳನ್ನು ಕಂಡು
ಗುರುತಿನವಳೆಂದು ನಕ್ಕೇಬಿಟ್ಟೆ.
ಅವಳು ಹುಬ್ಬು ಗಂಟಿಕ್ಕಿ ಅತ್ತ ಸರಿದಳು.
ಹೇಗೆ ಹೇಳಲಿ:
ಅಕ್ಕಾ, ನೀವು ಎರಡನೇ ಸಲ ಹಂದಿಮಾಂಸ ಹಾಕಿಸಿಕೊಂಡದ್ದು ಗೊತ್ತು,
ಸಣ್ಣವನಿಗೆ ಮುಳ್ಳು ಬಿಡಿಸಿಕೊಟ್ಟದ್ದು ಗೊತ್ತು,
ಎಡಗಡೆಯ ಕೊನೆಯ ಕುರ್ಚಿ ನಿಮ್ಮದು,
ಅಂಚು ಕತ್ತರಿಸಿದ್ದರೆ ಹೋಗಿಬಿಡುತ್ತಿದ್ದಿರಿ.

ಬಸ್ಸು ಬಂತು. ಹತ್ತಿದಳು.
ಮುನ್ನೂರ ಹನ್ನೆರಡು, ಅಂದೆ,
ಬಾಯೊಳಗೇ.